ನಿಂತರೆ ಮೂರ್ಛೆ ಹೋಗುವ ಕಂಪ್ಯೂಟರ್

ನಾನು ಯಾವ ಮೇಷ್ಟ್ರ ಮುಂದೆಯೂ ಕೈಕಟ್ಟಿ ನಿಂತು ವಿದ್ಯೆ ಕಲಿತವನಲ್ಲ. ಅಮೃತಹಳ್ಳಿಯಲ್ಲಿ ಇನ್ನೂ ದ್ರಾಕ್ಷಿ ಚಪ್ಪರಗಳಿದ್ದ ಕಾಲದಲ್ಲೇ ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಹೊಟ್ಟೆ ಸೀಳಿ, ತಾಮ್ರದ ತಂತಿಯನ್ನು ಎಳೆಎಳೆಯಾಗಿ ಬಿಚ್ಚಿ, ಮತ್ತೆ ಹಾಗೇ ಸುತ್ತಿ ನೀರೆತ್ತಿಸಿದವನು. ಆಮೇಲೆ ರೇಡಿಯೋ, ಮಿಕ್ಸಿ, ಟಿವಿ ಆಂಟೆನಾ, ಯಾವುದೂ ನನ್ನ ಸ್ಕ್ರೂಡ್ರೈವರಿಗೆ ಎದುರು ನಿಂತಿಲ್ಲ. ಇಸ್ತ್ರಿ ಪೆಟ್ಟಿಗೆ ಒಂದು ಮಾತ್ರ ಸ್ವಲ್ಪ ಹಟಮಾರಿ. ನಾನು ರಿಪೇರಿ ಮಾಡಿದ ಮೇಲೆ ಅದು ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಮುಟ್ಟಿದವರನ್ನು ಚುರುಕ್ಕೆಂದು ಕಚ್ಚುತ್ತಿತ್ತು. ನನ್ನ ಹೆಂಡತಿ ಗಂಗರತ್ನಮ್ಮ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಇಸ್ತ್ರಿ ಹಾಕುತ್ತಿದ್ದಳು. ಅದು ಅವಳ ಅಂಜುಬುರುಕುತನವೇ ಹೊರತು ನನ್ನ ಕೈಯ ದೋಷವಲ್ಲ ಎಂದು ಇಷ್ಟು ವರ್ಷ ಸಾಧಿಸಿಕೊಂಡು ಬಂದಿದ್ದೆ.

ಇಂಥ ನಾನು ಒಂದು ಕಂಪ್ಯೂಟರ್ ಕಟ್ಟುತ್ತೇನೆಂದು ಎದ್ದು ನಿಂತಿದ್ದರಲ್ಲಿ ಆಶ್ಚರ್ಯವೇನಿದೆ?

ಕಾರಣ ನನ್ನ ಸೊಸೆ ಶಿಲ್ಪ. ಮನೆಗಳ ಪ್ಲಾನ್ ಬರೆಯುವುದು ಅವಳ ಕಸುಬು. ಮಗು ಹುಟ್ಟಿದ ಮೇಲೆ ಆಫೀಸಿಗೆ ಹೋಗುವುದನ್ನು ಬಿಟ್ಟಿದ್ದಳು. ಈಗ ಸಹಕಾರನಗರದ ಎಂಜಿನಿಯರೊಬ್ಬರು ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡಲು ಒಪ್ಪಿದ್ದರು. ಮೊದಲನೆಯ ಪ್ಲಾನು ಸೋಮವಾರ ಬೆಳಗ್ಗೆ ಅವರ ಕೈ ಸೇರಬೇಕು. ಅವಳ ಹಳೆಯ ಲ್ಯಾಪ್‌ಟಾಪ್ ಎರಡಂತಸ್ತಿನ ಮನೆ ತೆರೆದರೆ ಸಾಕು, ಅಷ್ಟೂ ಮೆಟ್ಟಿಲನ್ನು ತಾನೇ ಹತ್ತಿದಂತೆ ಏದುಸಿರು ಬಿಡುತ್ತಿತ್ತು.

"ಅಂಗಡೀಲೇ ಜೋಡಿಸಿ ಕೊಡ್ತಾರಪ್ಪ, ಸುಮ್ನೆ ಎತ್ಕೊಂಡ್ ಬರೋಣ" ಎಂದ ಮಗ ಅಶ್ವತ್ಥ್.

"ಅಂಗಡಿಯವನಿಗಿರೋದೂ ಎರಡೇ ಕೈ. ನನಗೇನು ಒಂದೂವರೆಯಾ? ಪಾರ್ಟು ತರೋದು ನಿಂದು, ಕಟ್ಟೋದು ನಂದು. ಫೋನಲ್ಲಿ ಎಲ್ಲಾ ನೋಡ್ಕೊಂಡಿದೀನಿ."

ಶಿಲ್ಪ ಮೆಲ್ಲಗೆ ಕೇಳಿದಳು. "ಮಾವ, ಸೋಮವಾರದೊಳಗೆ ಆಗುತ್ತಲ್ವಾ? ತಪ್ಪಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ ಕೆಲಸಾನ."

"ಸೋಮವಾರದವರೆಗೂ ಯಾಕಮ್ಮ? ಶುಕ್ರವಾರ ಸಂಜೆಗೆ ನಿನ್ನ ಮುಂದೆ ಓಡ್ತಿರುತ್ತೆ. ಈ ಬ್ಯಾಟರಾಯಪ್ಪ ಮಾತು ಕೊಟ್ಟವ್ನೆ."

ಮಗ ತಣಿಸಂದ್ರದ ದಸ್ತಗೀರನ ಅಂಗಡಿಯಿಂದ ಡಬ್ಬಗಳನ್ನೆಲ್ಲ ತಂದು ಮಂಚದ ಮೇಲಿಟ್ಟು, ನನ್ನ ಮುಖವನ್ನು ಒಂದು ಸಲ ನೋಡಿ, ಏರ್‌ಪೋರ್ಟ್ ಡ್ಯೂಟಿಗೆ ಹೋದ.

ಶುಕ್ರವಾರ ಸ್ನಾನ ಮುಗಿಸಿ, ಕನ್ನಡಕ ಒರೆಸಿ, ಕೋಣೆಯ ಮಂಚದ ಮೇಲೆ ಕಂಪ್ಯೂಟರಿನ ತಗಡಿನ ಕ್ಯಾಬಿನೆಟ್ಟನ್ನು ಮಲಗಿಸಿಕೊಂಡು ಕೂತೆ. ಅಷ್ಟರಲ್ಲಿ ಗಂಗರತ್ನಮ್ಮ ಅರಿಶಿನ ಕುಂಕುಮದ ತಟ್ಟೆ, ಒಂದು ನಿಂಬೆಹಣ್ಣು ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಏನೇ ಇದು?"

"ಹೊಸ ಸಾಮಾನು. ಒಂದ್ ಬೊಟ್ಟು ಇಟ್ಟು ಶುರು ಮಾಡಿ."

"ಲೇ, ಇದು ಸೈನ್ಸು. ನಿಂಬೆಹಣ್ಣಿನ ಹುಳಿ ಒಂದು ತೊಟ್ಟು ಬಿದ್ರೆ ಒಳಗಿರೋದೆಲ್ಲಾ ಮಣ್ಣುಪಾಲು."

"ಲಾರಿಗೆ ಕಟ್ಟಲ್ವಾ? ಜೆಸಿಬಿಗೆ ಕಟ್ಟಲ್ವಾ?"

"ಕಟ್ಟೋರು ಕಟ್ಕೊಳ್ಳಿ. ಈ ಕೋಣೆಯೊಳಕ್ಕೆ ಸೈನ್ಸ್ ಬಿಟ್ಟು ಇನ್ನೇನೂ ಬರಂಗಿಲ್ಲ."

ಅವಳು ತಟ್ಟೆ ಸಮೇತ ಹಿಂದಕ್ಕೆ ಹೋದಳು. ನಾನು ಚಿಲಕ ಹಾಕಿಕೊಂಡೆ.

ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಏನನ್ನೇ ನೆಲೆ ನಿಲ್ಲಿಸಲಿ, ಅದರಡಿ ಒಂದು ತೂತಿನ ಕಾಸು ಇಡುವುದು ರೂಢಿ. ಬಾಗಿಲಿನ ವಾಸ್ಕಲ್ಲು ನಿಲ್ಲಿಸುವಾಗ ಇಟ್ಟಿದ್ದೇವೆ, ಒರಳು ಹೂಳುವಾಗ ಇಟ್ಟಿದ್ದೇವೆ, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಕೂರಿಸುವಾಗಲೂ ಇಟ್ಟಿದ್ದೇವೆ. ನಡುವೆ ದುಂಡನೆಯ ತೂತಿರುವ ಹಳೇ ಕಾಲದ ತಾಮ್ರದ ಕಾಸು ಅದು. ನಮ್ಮವ್ವ ಒಂದು ಸರವನ್ನೇ ದಾರಕ್ಕೆ ಪೋಣಿಸಿ ತನ್ನ ಎಲೆಅಡಿಕೆ ಚೀಲದಲ್ಲಿಟ್ಟು ಹೋಗಿದ್ದಳು. ನಾನು ಮದರ್‌ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿದೆ. ಹಸಿರು ಬಯಲಿನಂತಿತ್ತು, ಅದರ ಮೇಲೆ ಒಂದು ಊರೇ ಕಟ್ಟಿದಂತಿತ್ತು. ಇಷ್ಟು ದೊಡ್ಡದನ್ನು ಬರಿಯ ತಗಡಿನ ಮೇಲೆ ಹೇಗೆ ಕೂರಿಸುವುದು? ಎದ್ದು ಹೋಗಿ ಬೀರುವಿನಿಂದ ಒಂದು ಕಾಸು ಬಿಚ್ಚಿಕೊಂಡು ಬಂದೆ.

ಬೋರ್ಡು ತಗಡಿಗೆ ತಾಕದಂತೆ ಎತ್ತಿ ಹಿಡಿಯಲು ಕ್ಯಾಬಿನೆಟ್ಟಿನೊಳಗೆ ಪುಟ್ಟ ಪುಟ್ಟ ಹಿತ್ತಾಳೆ ಕಂಬಗಳಿರುತ್ತವೆ. ಅವುಗಳಲ್ಲಿ ಒಂದಕ್ಕೆ ಕಾಸನ್ನು ತೊಡಿಸಿದರೆ, ಕೈಗೆ ಬಳೆ ಇಳಿದಂತೆ ಸಲೀಸಾಗಿ ಇಳಿದು ತಗಡಿನ ಮೇಲೆ ಕೂತಿತು. ಆ ತೂತನ್ನು ಕೊರೆದವರು ಬಹಳ ದೂರದೃಷ್ಟಿಯವರು ಎಂದುಕೊಂಡೆ. ಅದರ ಮೇಲೆ ಬೋರ್ಡು ಇಟ್ಟು, ಸ್ಕ್ರೂ ಬಿಗಿದು, ಯಾರಿಗೂ ಕಾಣದಂತೆ ಕೈಮುಗಿದೆ. ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ, ಆದರೂ ಕಿಟಕಿಯ ಕಡೆ ಒಂದು ಸಲ ನೋಡಿದೆ.

ವೈರುಗಳನ್ನೆಲ್ಲ ಸೇರಿಸಿ, ಕ್ಯಾಬಿನೆಟ್ ಮಲಗಿದ್ದ ಹಾಗೇ ಗುಂಡಿ ಒತ್ತಿದೆ. ಫ್ಯಾನು ಗುಂಯ್ ಎಂದು ತಿರುಗಿತು. ದೀಪ ಹತ್ತಿತು. ಪರದೆಯ ಮೇಲೆ ಅಕ್ಷರ ಮೂಡಿತು. ಆ ಗಳಿಗೆಯಲ್ಲಿ ನನಗೊಂದು ಪೇಟ ಇದ್ದಿದ್ದರೆ ತಾನಾಗಿಯೇ ತಲೆಯ ಮೇಲೆ ಬಂದು ಕೂರುತ್ತಿತ್ತು.

ಆರಿಸಿ, ಮುಚ್ಚಳ ಮುಚ್ಚಿ, ಎಲ್ಲರನ್ನೂ ಮುಂಭಾಗದ ಹಾಲಿಗೆ ಕರೆಸಿದೆ. ಹೆಂಡತಿ ಬಂದಳು. ಸೊಸೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಕೆಳಗಿನ ಮನೆಯ ಬಾಡಿಗೆದಾರ ನಾಗೇಶನನ್ನೂ ಸಾಕ್ಷಿಗಿರಲಿ ಎಂದು ಕೂಗಿ ಕರೆದಿದ್ದೆ. ಕ್ಯಾಬಿನೆಟ್ಟನ್ನು ಎತ್ತಿಕೊಂಡು ಬಂದು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಎರಡು ಮಾತು ಆಡಿ, ಗುಂಡಿ ಒತ್ತಿದೆ.

ಫ್ಯಾನು ಅರ್ಧ ಸುತ್ತು ತಿರುಗಿ, ಏನೋ ಮರೆತು ಬಂದವರಂತೆ ನಿಂತುಬಿಟ್ಟಿತು.

ಮತ್ತೆ ಒತ್ತಿದೆ. ಮತ್ತೆ ಅರ್ಧ ಸುತ್ತು.

"ಸಾರ್, ನಾನು ಆಮೇಲೆ ಬರ್ತೀನಿ" ಎಂದು ನಾಗೇಶ ಮೆಟ್ಟಿಲಿಳಿದ.

"ಎತ್ಕೊಂಡ್ ಬರೋವಾಗ ಒಳಗೇನೋ ಗಲ್ಲು ಅಂತಲ್ರೀ" ಎಂದಳು ಗಂಗರತ್ನಮ್ಮ.

"ಅದು ಸ್ಪೀಕರು. ನಿಂಗೊತ್ತಾಗಲ್ಲ ಸುಮ್ಕಿರು." ಅದರೊಳಗೆ ಸ್ಪೀಕರೇ ಇರಲಿಲ್ಲ.

ತಿರುಗಿ ಕೋಣೆಗೆ ಹೊತ್ತುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ, ಮುಚ್ಚಳ ತೆಗೆದು ಒಂದೊಂದೇ ವೈರು ಒತ್ತಿ ನೋಡಿದೆ. ಎಲ್ಲ ಭದ್ರ. ಗುಂಡಿ ಒತ್ತಿದರೆ ಗುಂಯ್! ಹಾಲಿಗೆ ತಂದರೆ ಸುಂಯ್. ಹೀಗೆ ಕೋಣೆಗೂ ಹಾಲಿಗೂ ಮದುವೆ ಗಂಡಿನಂತೆ ಅದನ್ನು ಮೆರವಣಿಗೆ ಮಾಡಿಸಿದ ಮೇಲೆ ನನಗೆ ಹೊಳೆಯಿತು. ಕೋಣೆಯಲ್ಲಿದ್ದಾಗ ಅಲ್ಲಿ ನಾನೊಬ್ಬನೇ. ಹಾಲಿನಲ್ಲಿ ಗಂಗರತ್ನಮ್ಮ ಇದ್ದಾಳೆ.

"ನಿಜ ಹೇಳು. ನಾನು ಸ್ನಾನಕ್ಕೆ ಹೋದಾಗ ಒಳಗೆ ಕುಂಕುಮ ಉದುರಿಸಿದ್ಯಾ?"

ಅವಳು ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟಳು. "ಏನಂದ್ರಿ?"

"ಒಂದು ಚಿಟಿಕೆ ಪುಡಿ ಸಾಕು ಕಣೇ ಇದು ಕೆಡೋಕೆ. ಸೈನ್ಸು ಬೇರೆ, ನಿನ್ನ ಬೊಟ್ಟು ಬೇರೆ. ಕದ್ದು ಮಾಡೋ ಅಂಥದ್ದೇನಿತ್ತು?"

"ಕದ್ದಾ? ನಾನಾ?" ಎಂದಳು. ಆಮೇಲೆ ಮಾತಾಡಲಿಲ್ಲ. ಆ ಸಂಜೆಯಿಂದ ನನ್ನ ಕಾಫಿ ಸೊಸೆಯ ಕೈಯಲ್ಲಿ ಬರತೊಡಗಿತು. ಸಕ್ಕರೆ ಹಾಕುವುದು ಹೆಂಡತಿಯ ಖಾತೆಯಾದ್ದರಿಂದ ಅದೂ ನಿಂತಿತು.

ಕೋಣೆಯಲ್ಲಿ ಓಡುತ್ತದೆ, ಹಾಲಿನಲ್ಲಿ ಓಡುವುದಿಲ್ಲ. ಹಾಗಾದರೆ ದೋಷ ಹಾಲಿನ ಕರೆಂಟಿನದೇ ಸರಿ. ಕರೆಂಟಿನ ದೋಷವೆಂದರೆ ಅದನ್ನು ನೆಲಕ್ಕಿಳಿಸುವ ಅರ್ತಿನ ದೋಷ. ಅರ್ತಿನ ಗುಂಡಿ ಇರುವುದು ನಾಗೇಶನ ಬಾಗಿಲ ಪಕ್ಕದಲ್ಲಿ. ಹಾರೆ ತಂದು ಅಗೆದೆ. ಎರಡು ಪ್ಯಾಕೆಟ್ ಕಲ್ಲುಪ್ಪು ಸುರಿದು, ಬಕೆಟ್ಟುಗಟ್ಟಲೆ ನೀರು ಹೊಯ್ದೆ.

ನಾಗೇಶ ಬಾಗಿಲಲ್ಲಿ ನಿಂತು ನೋಡಿದ. "ಓನರ್ರೇ, ನೀರು ಕಮ್ಮಿ ಅಂತ ಬೆಳಗ್ಗೆ ನಮಗೆ ಮೋಟ್ರು ಬಿಡಲಿಲ್ಲ. ಭೂಮಿಗೆ ಇಷ್ಟು ಬಿಡ್ತಿದೀರಲ್ಲ."

"ಇದು ಅರ್ತು ಕಣಯ್ಯ. ಕುಡೀಬೇಕು ಅದು."

"ನಾವೂ ಕುಡೀತೀವಿ ಸಾರ್."

ಅರ್ತು ಹೊಟ್ಟೆತುಂಬ ಕುಡಿಯಿತು. ಕಂಪ್ಯೂಟರ್ ಅರ್ಧ ಸುತ್ತಿಗೇ ತೃಪ್ತಿಪಟ್ಟಿತು. ಶಿಲ್ಪ ಮಗುವನ್ನು ಮಲಗಿಸಿ ಬಂದು, ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಗೋಡೆ ಎಳೆದು, ಅದು ಮೂಡುವುದನ್ನು ಕಾಯುತ್ತಾ ಕೂತಿದ್ದಳು. ನನ್ನನ್ನು ಕಂಡು ನಕ್ಕಳು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಶನಿವಾರ ಆಟೋದಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಣಿಸಂದ್ರಕ್ಕೆ ಹೋದೆ. ದಸ್ತಗೀರನ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರಿಗೆಲ್ಲ ಕೇಳಲಿ ಎಂದೇ ಗಂಟಲೆತ್ತಿದೆ.

"ಏನಪ್ಪಾ ದಸ್ತಗೀರ್, ಸತ್ತ ಬೋರ್ಡು ಕೊಟ್ಟಿದೀಯಲ್ಲ. ಮುದುಕನಿಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ದಸ್ತಗೀರ್ ತಣ್ಣನೆಯ ಮನುಷ್ಯ. "ಕೂತ್ಕೊಳ್ಳಿ ಯಜಮಾನ್ರೇ" ಎಂದು ಅದನ್ನು ಕೌಂಟರಿನ ಮೇಲೆ ಮಲಗಿಸಿ, ಮುಚ್ಚಳ ತೆಗೆದು, ವೈರು ಸಿಕ್ಕಿಸಿ ಗುಂಡಿ ಒತ್ತಿದ.

ಗುಂಯ್.

ಗಿರಾಕಿಗಳು ನನ್ನ ಕಡೆ ನೋಡಿದರು. ನಾನು ಚಾವಣಿಯ ಕಡೆ ನೋಡಿದೆ.

"ಚೆನ್ನಾಗೇ ಓಡ್ತಾ ಐತಲ್ಲ ಯಜಮಾನ್ರೇ. ಒಳಗೆ ಸ್ಕ್ರೂ ಗಿಕ್ರೂ ಏನಾದ್ರೂ ಬಿದ್ದಿರಬಹುದು. ಬೋರ್ಡು ಬಿಚ್ಚಿ ನೋಡ್ಲಾ?"

ನಾನು ಕ್ಯಾಬಿನೆಟ್ಟಿನ ಮೇಲೆ ಕೈ ಅಡ್ಡ ಇಟ್ಟೆ. ಕಾಸೇ ಕಾರಣವಿರಬಹುದೆಂಬ ಅನುಮಾನದಿಂದಲ್ಲ. ಸ್ಟಾರ್ಟರನ್ನು ಇಷ್ಟು ವರ್ಷ ಕಾಯ್ದ ಕಾಸು ಕಂಪ್ಯೂಟರನ್ನು ಕೆಡಿಸುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಇಷ್ಟು ಜನರ ಮುಂದೆ ಅದು ಹೊರಗೆ ಬಂದರೆ? ಸೈನ್ಸು ಸೈನ್ಸು ಎಂದು ಕುಣಿದದ್ದು ಮನೆಯವರೆಗೂ ಮುಟ್ಟಿದರೆ?

"ಬೇಡ. ನನ್ನ ಕೈಯಿಂದ ಏನೂ ಬೀಳಲ್ಲ. ನನ್ನ ಕಟ್ಟಡಾನ ಯಾರೂ ಬಿಚ್ಚಂಗಿಲ್ಲ." ನಾನು ಸುಳ್ಳು ಹೇಳಿರಲಿಲ್ಲ. ಅದು ಬಿದ್ದದ್ದಲ್ಲ, ಇಟ್ಟದ್ದು.

"ಹಂಗಾದ್ರೆ ಮನೇಲಿ ಕರೆಂಟು ನೋಡ್ಬೇಕು. ನಾಳೆ ಭಾನುವಾರ ಆ ಕಡೆ ಬರ್ತೀನಿ, ಬಂದು ನೋಡ್ತೀನಿ" ಎಂದ. ಅಷ್ಟು ಬೈಸಿಕೊಂಡೂ ಬರುತ್ತೇನೆ ಎಂದ. ಅದೂ ನನಗೆ ಚುಚ್ಚಿತು.

ಮನೆಗೆ ತಂದು ನಿಲ್ಲಿಸಿದೆ. ಅರ್ಧ ಸುತ್ತು.

ಭಾನುವಾರ ಬೆಳಗ್ಗೆ ನಾನು ಮತ್ತೆ ಮಂಚಕ್ಕೂ ಮೇಜಿಗೂ ಓಡಾಡುತ್ತಿದ್ದಾಗ ಗಂಗರತ್ನಮ್ಮ ಎರಡು ದಿನದ ಮೌನ ಮುರಿದಳು. ಮುರಿದದ್ದು ನನ್ನೊಂದಿಗಲ್ಲ, ಸೊಸೆಯೊಂದಿಗೆ.

"ಶಿಲ್ಪ, ನಿಮ್ಮಾವಂಗೆ ಹೇಳಮ್ಮ. ಅದು ಮಲಗಿದ್ರೆ ಉಸಿರಾಡ್ತೈತೆ, ನಿಂತ್ರೆ ಮೂರ್ಛೆ ಹೋಗ್ತೈತೆ. ಹಾಲೂ ಅಲ್ಲ, ಕೋಣೇನೂ ಅಲ್ಲ. ಹೊಟ್ಟೇಲಿ ಏನೋ ಅಲ್ಲಾಡ್ತೈತೆ ಅಂತ ಮೊನ್ನೇನೇ ಅಂದೆ. ನನ್ ಮಾತು ಸೈನ್ಸಲ್ವಲ್ಲ."

ಶಿಲ್ಪ ಎದ್ದು, ಕಂಪ್ಯೂಟರನ್ನು ಹಾಲಿನ ಮೇಜಿನ ಮೇಲೆಯೇ ಮೆಲ್ಲಗೆ ಮಲಗಿಸಿ ಗುಂಡಿ ಒತ್ತಿದಳು. ಗುಂಯ್ ಎಂದಿತು. ನನಗೆ ಉಪ್ಪು ನೆನಪಾಯಿತು, ನೀರು ನೆನಪಾಯಿತು, ನಾಗೇಶನ ಮುಖ ನೆನಪಾಯಿತು.

"ಮಾವ, ಇವತ್ತೊಂದಿನ ಹೀಗೇ ಮಲಗಿರ್ಲಿ. ಕೆಲಸ ಮುಗಿಸ್ಕೋತೀನಿ. ಆಮೇಲೆ ನಿಧಾನವಾಗಿ ನೋಡೋಣ. ಇದನ್ನ ಮಾತ್ರ ಯಾರೂ ಮುಟ್ಬೇಡಿ" ಎಂದಳು. ಯಾರೂ ಎಂದರೆ ನಾನು. ಮನೆಯಲ್ಲಿ ಇನ್ಯಾರೂ ಮುಟ್ಟುತ್ತಿರಲಿಲ್ಲ.

ಅವಳು ಬರೆಯುತ್ತಾ ಹೋದಳು. ಪರದೆಯ ಮೇಲೆ ಒಂದು ಮನೆ ಏಳುತ್ತಿತ್ತು. ಊಟಕ್ಕೂ ಸರಿಯಾಗಿ ಏಳಲಿಲ್ಲ. ಮಗು ಅಜ್ಜಿಯ ಸೊಂಟದ ಮೇಲಿತ್ತು. ನಾನು ಎದುರಿನ ಕುರ್ಚಿಯಲ್ಲಿ ಕೂತು, ನನ್ನ ಕಂಪ್ಯೂಟರ್ ಆಸ್ಪತ್ರೆಯ ರೋಗಿಯಂತೆ ಅಂಗಾತ ಬಿದ್ದಿರುವುದನ್ನು ನೋಡುತ್ತಿದ್ದೆ.

ಸಂಜೆಯ ಹೊತ್ತಿಗೆ ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ದಸ್ತಗೀರ್ ಬಂದಿದ್ದ.

"ಟೀ ಇಡ್ತೀನಿ" ಎಂದು ಶಿಲ್ಪ ಎದ್ದು ಒಳಗೆ ಹೋದಳು. ದಸ್ತಗೀರ್ ಕೆಳಗೆ ಚಪ್ಪಲಿ ಬಿಡುತ್ತಿದ್ದ. ನನಗೆ ಏನಾಯಿತೋ. ಅಂಗಡಿ ತುಂಬ ಜನರ ಮುಂದೆ ಅವನನ್ನು ಬೈದು ಬಂದವನ ಮನೆಯಲ್ಲಿ ಕಂಪ್ಯೂಟರ್ ಹೀಗೆ ಕಾಲುಚಾಚಿ ಮಲಗಿರುವುದನ್ನು ಅವನು ನೋಡುವುದೇ? ಇಷ್ಟು ಹೊತ್ತು ಓಡಿ ಮೈ ಬಿಸಿಯಾಗಿದೆ, ಈಗ ನಿಂತರೂ ನಿಂತೀತು. ಮೆಲ್ಲಗೆ ನಿಲ್ಲಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಕೈಯಲ್ಲೂ ಹಿಡಿದು, ಮಲಗಿದ ಮಗುವನ್ನು ಎತ್ತುವಂತೆ ಎತ್ತಿ ನಿಲ್ಲಿಸಿದೆ.

ಗಲ್ಲು. ಟಪ್.

ಪರದೆ ಕಪ್ಪಾಯಿತು. ಅದರಲ್ಲಿ ನನ್ನದೇ ಮುಖ ಕಾಣಿಸಿತು. ಅಷ್ಟು ಸ್ಪಷ್ಟವಾಗಿ ಬೇರೇನನ್ನೂ ಆ ಪರದೆ ಅದುವರೆಗೆ ತೋರಿಸಿರಲಿಲ್ಲ.

ಟೀ ತಟ್ಟೆ ಹಿಡಿದು ಬಂದ ಶಿಲ್ಪ ಬಾಗಿಲಲ್ಲೇ ನಿಂತಳು. ತಟ್ಟೆ ಕೆಳಗಿಟ್ಟಳು. ಪರದೆಯನ್ನು ನೋಡಿದಳು. ಕಣ್ಣು ತುಂಬಿಕೊಂಡಿತು.

"ಪರವಾಗಿಲ್ಲ ಮಾವ" ಎಂದಳು.

ಆ ಮಾತಿಗಿಂತ ನನ್ನ ಇಸ್ತ್ರಿ ಪೆಟ್ಟಿಗೆ ಎಷ್ಟೋ ವಾಸಿ. ಅದಾದರೂ ಒಂದು ಸಲ ಕಚ್ಚಿ ಬಿಡುತ್ತದೆ.

ಗಂಗರತ್ನಮ್ಮ ಮಗುವನ್ನು ಸೊಸೆಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ದಸ್ತಗೀರಣ್ಣ, ಕರೆಂಟು ಪರೆಂಟು ಏನೂ ನೋಡಬೇಡಿ. ಇದರ ಹೊಟ್ಟೆ ಬಿಚ್ಚಿ. ತಳಗಂಟ ಬಿಚ್ಚಿ."

"ಲೇ, ಅದು..." ಎಂದೆ.

"ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ. ಕೈ ತೊಡೆ ಮೇಲಿರ್ಲಿ."

ಕೂತೆ. ಕೈ ತೊಡೆಯ ಮೇಲಿಟ್ಟೆ. ದಸ್ತಗೀರ್ ಒಂದೊಂದೇ ಸ್ಕ್ರೂ ತೆಗೆದ. ಪ್ರತಿ ಸ್ಕ್ರೂವಿಗೂ ನನ್ನ ತಲೆ ಒಂದು ಬೆರಳು ತಗ್ಗಿತು. ಕೊನೆಗೆ ನಿಂತಿದ್ದ ಕ್ಯಾಬಿನೆಟ್ಟಿನಿಂದ ಬೋರ್ಡನ್ನು ಈಚೆಗೆ ಎಳೆದ. ಕಂಬದಿಂದ ಜಾರಿದ ಕಾಸು ಟಣ್ ಎಂದು ನೆಲಕ್ಕೆ ಬಿದ್ದು, ಹಾಲಿನ ಉದ್ದಕ್ಕೂ ಉರುಳಿಕೊಂಡು ಹೋಗಿ, ಮನೆಯಲ್ಲಿ ಅಷ್ಟು ಜಾಗವಿದ್ದರೂ, ಗಂಗರತ್ನಮ್ಮನ ಕಾಲಿನ ಬಳಿಯೇ ಒಂದು ಸುತ್ತು ಹಾಕಿ ಮಲಗಿತು.

ಎಲ್ಲ ಅರ್ಥವಾಯಿತು. ಕ್ಯಾಬಿನೆಟ್ ಮಲಗಿದ್ದಾಗ ಕಾಸೂ ತಗಡಿನ ಮೇಲೆ ಮಲಗಿರುತ್ತಿತ್ತು. ನಿಂತಾಗ ಕಂಬಕ್ಕೆ ಜೋತುಬಿದ್ದು, ವಾಲಿ, ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಮಾಡುತ್ತಿತ್ತು. ಕಂಪ್ಯೂಟರ್ ತನ್ನ ಜೀವ ಉಳಿಸಿಕೊಳ್ಳಲು ಆರಿಹೋಗುತ್ತಿತ್ತು. ನನಗಿಂತ ಅದಕ್ಕೇ ಬುದ್ಧಿ ಹೆಚ್ಚು.

ದಸ್ತಗೀರ್ ಕಾಸನ್ನೂ ನನ್ನನ್ನೂ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ. "ಯಜಮಾನ್ರೇ, ಈ ಪಾರ್ಟು ನಮ್ಮ ಅಂಗಡೀದಲ್ಲ."

ಗಂಗರತ್ನಮ್ಮ ಬಗ್ಗಿ ಕಾಸು ಎತ್ತಿಕೊಂಡಳು. ಅತ್ತೆಯ ಸರದ್ದೆಂದು ನೋಡಿದ ಕೂಡಲೇ ಗುರುತು ಹಿಡಿದಳು. ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟಳು.

"ನಿಮ್ಮ ಅಂಗಡೀಲಿ ಎಲ್ಲಿ ಸಿಗುತ್ತಪ್ಪ. ಇದು ಇವರ ಸೈನ್ಸು."

ಶಿಲ್ಪ ಕಣ್ಣೊರೆಸಿಕೊಳ್ಳುತ್ತಲೇ ಫಕ್ಕನೆ ನಕ್ಕಳು. ದಸ್ತಗೀರ್ ಟೀ ಲೋಟದೊಳಕ್ಕೆ ಮುಖ ಇಳಿಸಿದ. ಮಗುವೂ ನಕ್ಕಿತು. ಅದಕ್ಕೇನು ಅರ್ಥವಾಯಿತೋ ದೇವರೇ ಬಲ್ಲ.

ಬೋರ್ಡನ್ನು ತಿರುಗಿ ಕೂರಿಸಿದ ಮೇಲೆ ಕಂಪ್ಯೂಟರ್ ನೆಟ್ಟಗೆ ನಿಂತು ಓಡಿತು. ಶಿಲ್ಪ ಊಟದ ಹೊತ್ತಿಗೆ ಉಳಿಸಿಟ್ಟಿದ್ದಷ್ಟು ಮನೆ ಸಿಕ್ಕಿತು. ಆಮೇಲೆ ಬರೆದಿದ್ದ ಅಡುಗೆಮನೆಯೂ ಮೆಟ್ಟಿಲೂ ಮಾಯವಾಗಿದ್ದವು. ಮೇಲೆ ಹತ್ತುವ ಹಾಗಿಲ್ಲ, ಕೆಳಗೆ ಬೇಯಿಸುವ ಹಾಗಿಲ್ಲ. ನಾನು ಕಟ್ಟಿದ ಕಂಪ್ಯೂಟರಿಗೆ ತಕ್ಕ ಮನೆ.

ಅವಳು ಮತ್ತೆ ಬರೆಯಲು ಕೂತಳು. ನಾನು ಪಕ್ಕದಲ್ಲೇ ಇದ್ದೆ. ಎದ್ದು ಹೋಗಲು ಮುಖವಿರಲಿಲ್ಲ, ಕೂತಿರಲೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಮಾವ, ನೀವು ಈ ಮನೆ ಕಟ್ಟಿಸಿದವರು. ಮೆಟ್ಟಿಲು ಯಾವ ಕಡೆಯಿಂದ ಹತ್ತಿಸಿದ್ರೆ ಅನುಕೂಲ ಹೇಳಿ?" ಅವಳಿಗೆ ಅದು ಗೊತ್ತಿಲ್ಲದೆ ಕೇಳಿದ್ದಲ್ಲ ಎಂದು ನನಗೂ ಗೊತ್ತು. ಕೈಯೆತ್ತಿ ದಿಕ್ಕು ತೋರಿಸಿದೆ. ಸೋಮವಾರ ಬೆಳಗ್ಗೆ ಪ್ಲಾನು ಹೋಯಿತು. ಕೆಲಸ ಉಳಿಯಿತು.

ಈಗ ಆ ಕಂಪ್ಯೂಟರಿನ ತಲೆಯ ಮೇಲೆ ಕುಂಕುಮ ಹಚ್ಚಿದ ಒಂದು ನಿಂಬೆಹಣ್ಣು ಕೂತಿದೆ. ತೆಗಿ ಎನ್ನಲು ನನಗೆ ಬಾಯಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ದಸ್ತಗೀರ್ ತಾನೇ ಕೇಳಿ ತೆಗೆದುಕೊಂಡು ಹೋಗಿ ಸರಿಮಾಡಿ ತಂದುಕೊಟ್ಟ. ಈಗ ಗಂಗರತ್ನಮ್ಮ ಬರಿಗಾಲಲ್ಲಿ ಇಸ್ತ್ರಿ ಹಾಕುತ್ತಾಳೆ, ಅದೂ ನನ್ನ ಎದುರಿಗೇ ನಿಂತು. ಕಂಪ್ಯೂಟರ್ ಇಲಾಖೆಯಲ್ಲಿ ನನಗೆ ಉಳಿದಿರುವುದು ಒಂದೇ ಕೆಲಸ. ನಿಂಬೆಹಣ್ಣು ಬಾಡಿದಾಗ ಹೊಸದು ತರುವುದು.

ಅದಕ್ಕೂ ಅವಳು ಬಾಗಿಲವರೆಗೆ ಬಂದು ಹೇಳಿ ಕಳಿಸುತ್ತಾಳೆ.

"ನೋಡ್ಕೊಂಡು ತನ್ನಿ. ತೂತಿರಬಾರದು."